ಅಕ್ಕನ ಕೇಸು ನೋಡಿ ಹುಟ್ಟಿದ ಆಸೆ: ವಿಚ್ಛೇದನದ ವಕೀಲಿಕೆಗೆ ಇಳಿಯಬಹುದೇ?

ಪ್ರಶ್ನೆ: ನಾನು ಸಾಗರ ತಾಲೂಕಿನವಳು, ವಯಸ್ಸು 25. ಎಲ್‌ಎಲ್‌.ಬಿ. ಮುಗಿಸಿ ಹೋದ ವರ್ಷ ಸನ್ನದು ಪಡೆದೆ, ಬಾರ್ ಪರೀಕ್ಷೆಯೂ ಪಾಸಾಗಿದೆ. ಈಗ ಶಿವಮೊಗ್ಗದಲ್ಲಿ ಜಮೀನು, ಪಾಲು ವಿಭಾಗದ ದಾವೆಗಳನ್ನೇ ಹೆಚ್ಚಾಗಿ ನಡೆಸುವ ಸೀನಿಯರ್ ಒಬ್ಬರ ಬಳಿ ಜೂನಿಯರ್ ಆಗಿದ್ದೇನೆ. ನನಗೆ ವಿಚ್ಛೇದನದ ಕೇಸುಗಳನ್ನೇ ಮಾಡಬೇಕೆಂಬ ಆಸೆ. ಕಾರಣ ನನ್ನ ಅಕ್ಕ. ಅವಳ ಕೇಸು ಆರು ವರ್ಷ ನಡೆಯಿತು, ಪ್ರತಿ ಮುದ್ದತ್ತಿಗೂ ಜೊತೆಗೆ ಹೋದವಳು ನಾನು. ಭಾವ ಹೊಡೆದು ಕಳಿಸಿದ ರಾತ್ರಿ ಬಾಗಿಲು ತೆಗೆದವಳೂ ನಾನೇ. ಡಿಕ್ರಿ ಆಗಿದೆ. ಆದರೆ ತಿಂಗಳಿಗೆ 8,000 ರೂ. ಜೀವನಾಂಶ 16 ತಿಂಗಳಿಂದ ಬಂದಿಲ್ಲ, ಮಗುವಿನ ಭೇಟಿಯ ವಿಷಯದಲ್ಲಿ ಭಾವ ಹೊಸ ಅರ್ಜಿ ಹಾಕಿದ್ದಾರೆ. ‘ಇನ್ನು ಬೇರೆ ವಕೀಲರಿಗೆ ದುಡ್ಡು ಯಾಕೆ, ನೀನೇ ನೋಡ್ಕೋ’ ಎನ್ನುತ್ತಾರೆ ಅಪ್ಪ. ಅಮ್ಮನಿಗೆ ಇದು ಮನೆ ಮುರಿಯುವ ಕೆಲಸ, ನನಗೆ ಗಂಡು ಸಿಗುವುದಿಲ್ಲ ಎಂಬ ಚಿಂತೆ. ಬರೀ ಕೌಟುಂಬಿಕ ಪ್ರಕರಣ ಮಾಡುವ ಬೆಂಗಳೂರಿನ ಕಚೇರಿಯೊಂದು ಕರೆದಿದೆ. ಹೋಗಲೇ? ಮದುವೆಯಾಗದವಳ ಹತ್ತಿರ ಕಕ್ಷಿದಾರರು ಬರುತ್ತಾರೆಯೇ? ಡಿಪ್ಲೊಮಾ ಏನಾದರೂ ಬೇಕೇ? ಹೊಟ್ಟೆ ತುಂಬುತ್ತದೆಯೇ? (ಹೆಸರು ಬೇಡ)

ಉತ್ತರ: ಉಳಿದದ್ದಕ್ಕಿಂತ ಮೊದಲು ಆ 16 ತಿಂಗಳ ಬಾಕಿ. ಆದೇಶದ ಪ್ರತಿ ತೆಗೆದು, ಅದು ಯಾವ ಕಲಮಿನ ಅಡಿ ಆಗಿದೆ ನೋಡಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, ಅಂದರೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನ ಅಡಿ ಆಗಿದ್ದರೆ, ಪ್ರತಿ ತಿಂಗಳ ಮೊತ್ತಕ್ಕೂ ಅದು ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆಗ ಮಾತ್ರ ವಾರಂಟ್ ಹೊರಡಿಸಿ ವಸೂಲಿ ಮಾಡಿಸಬಹುದು. ಈವರೆಗೆ ಯಾರೂ ಅರ್ಜಿ ಹಾಕಿಲ್ಲವೆಂದಾದರೆ ಮೊದಲ ನಾಲ್ಕು ತಿಂಗಳಿಗೆ, ಅಂದರೆ 32,000 ರೂ.ಗೆ, ಆ ದಾರಿ ಮುಚ್ಚಿಹೋಗಿದೆ. ಹಕ್ಕು ಹೋಗಿಲ್ಲ, ಸಿವಿಲ್ ಮಾರ್ಗದಲ್ಲಿ ಕೇಳಬಹುದು. ಆದರೆ ಜೈಲಿನ ಭಯಕ್ಕೆ ದುಡ್ಡು ಕಟ್ಟುವವರೇ ಹೆಚ್ಚು, ಆ ಭಯ ಕೈತಪ್ಪಿತು. ಇನ್ನೊಂದು ತಿಂಗಳು ಸುಮ್ಮನಿದ್ದರೆ ಇನ್ನೊಂದು 8,000 ಅದೇ ಲೆಕ್ಕಕ್ಕೆ ಸೇರುತ್ತದೆ. ಆದೇಶ ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನದಾಗಿದ್ದರೆ ಡಿಕ್ರಿಯಂತೆ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸುವ ಅರ್ಜಿ, ಹಾಕಬೇಕು, ಅದಕ್ಕೆ ಕಾಲಮಿತಿ 12 ವರ್ಷ.

ಆದರೆ ಆ ಅರ್ಜಿಗೆ ವಕಾಲತ್ತು ಹಾಕುವವರು ನೀವಾಗಬಾರದು. ತಾನು ಸಾಕ್ಷಿಯಾಗುವ ಸಂಭವವಿದೆ ಎಂದು ಗೊತ್ತಿರುವ ಪ್ರಕರಣವನ್ನು ವಕೀಲರು ಒಪ್ಪಿಕೊಳ್ಳಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಡತೆಯ ನಿಯಮ ಹೇಳುತ್ತದೆ. ಆ ರಾತ್ರಿ ಬಾಗಿಲು ತೆಗೆದವರು ನೀವು. ಮಗು ನಿಮ್ಮದೇ ಮನೆಯಲ್ಲಿ ಬೆಳೆಯುತ್ತಿದ್ದರೆ ಅದನ್ನು ಯಾರು ಶಾಲೆಗೆ ಬಿಡುತ್ತಾರೆ, ಅಪ್ಪನ ಫೋನ್ ಬಂದಾಗ ಯಾರು ಎತ್ತುತ್ತಾರೆ ಎಂದು ಹೇಳಬೇಕಾದವರಲ್ಲಿ ನೀವೂ ಒಬ್ಬರು. ನೀವು ವಕಾಲತ್ತು ಹಾಕಿದರೆ ಎದುರು ವಕೀಲರು ಮೊದಲ ದಿನವೇ ಅದನ್ನೆತ್ತುತ್ತಾರೆ, ಅಕ್ಕ ಒಬ್ಬ ಒಳ್ಳೆಯ ಸಾಕ್ಷಿಯನ್ನು ಕಳೆದುಕೊಳ್ಳುತ್ತಾಳೆ. ಫೀಸಿನ ಚಿಂತೆಯಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿಸಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಅಪ್ಪನಿಗೆ ಇಷ್ಟು ಹೇಳಿದರೆ ಸಾಕು.

ಈಗ ನಿಮ್ಮ ದಾರಿ. ನೀವು ಕೇಳಿದ್ದು ಹಲವು ಪ್ರಶ್ನೆಯಾದರೂ ಒಳಗಿರುವ ಅನುಮಾನ ಒಂದೇ: ಆರು ವರ್ಷ ಕೋರ್ಟಿನ ಬೆಂಚಿನ ಮೇಲೆ ಕೂತು ಅನುಭವಿಸಿದ್ದು ಈ ವೃತ್ತಿಗೆ ಬಂಡವಾಳವೋ ತೊಡಕೋ? ಎರಡೂ ಹೌದು, ಆದರೆ ನೀವು ಅಂದುಕೊಂಡಷ್ಟು ಯಾವುದೂ ಅಲ್ಲ. ಮುದ್ದತ್ತಿನ ದಿನ ಕಕ್ಷಿದಾರರಿಗೆ ಊಟ ಸೇರುವುದಿಲ್ಲ, ಕಾರಿಡಾರಿನಲ್ಲಿ ಅತ್ತೆ ಎದುರಾದರೆ ಕಾಲು ನಡುಗುತ್ತದೆ ಎಂಬುದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕೌಟುಂಬಿಕ ಪ್ರಕರಣ ಗೆಲ್ಲುವುದು ಕಾಗದದ ಮೇಲೆ. ನೋವು ಗೊತ್ತಿರುವವರು ತುಂಬ ಜನ ಇದ್ದಾರೆ, ಆ ನೋವನ್ನು ದಿನಾಂಕ, ಸ್ಥಳ, ಮೊತ್ತವಾಗಿ ಬರೆಯಬಲ್ಲವರು ಕಡಿಮೆ.

ಒಂದು ಉದಾಹರಣೆ. ವಿಚ್ಛೇದನದ ಅರ್ಜಿಗಳಲ್ಲಿ ಈ ವಾಕ್ಯ ಕಂಡೇ ಕಾಣುತ್ತದೆ: ‘ಪ್ರತಿವಾದಿಯು ಮದುವೆಯಾದಂದಿನಿಂದಲೂ ಅರ್ಜಿದಾರಳಿಗೆ ದೈಹಿಕ ಹಾಗೂ ಮಾನಸಿಕ ಹಿಂಸೆ ನೀಡುತ್ತಾ ಬಂದಿರುತ್ತಾನೆ.’ ಓದಲು ಗಟ್ಟಿಯಾಗಿದೆ, ಒಳಗೆ ಏನೂ ಇಲ್ಲ. ಪಾಟೀ ಸವಾಲಿನಲ್ಲಿ ‘ಯಾವ ದಿನ, ಎಲ್ಲಿ, ಯಾರಿದ್ದರು’ ಎಂದು ಮೂರು ಪ್ರಶ್ನೆ ಕೇಳಿದರೆ ಕಥೆ ಮುಗಿಯಿತು. ಆಗ ನೆನಪಿಸಿಕೊಂಡು ಹೇಳಿದರೆ ‘ಇದನ್ನು ಅರ್ಜಿಯಲ್ಲಿ ಬರೆದಿಲ್ಲವಲ್ಲ’ ಎಂಬ ಪ್ರಶ್ನೆ ಬರುತ್ತದೆ, ಅರ್ಜಿಯಲ್ಲಿಲ್ಲದ ಸಂಗತಿಯ ಸಾಕ್ಷ್ಯಕ್ಕೆ ಬೆಲೆ ಇಲ್ಲ. ವಿಚಾರಣೆ ಶುರುವಾದ ಮೇಲೆ ತಿದ್ದುಪಡಿ ಮಾಡಿಸುವುದೂ ಕಷ್ಟ, ಮೊದಲೇ ಯಾಕೆ ಹೇಳಲಾಗಲಿಲ್ಲ ಎಂದು ತೋರಿಸಬೇಕು. ಅದೇ ಸಂಗತಿಯನ್ನು ಹೀಗೆ ಬರೆಯಬಹುದು: ‘2022ರ ದೀಪಾವಳಿಯ ಮಾರನೇ ದಿನ ರಾತ್ರಿ ಸುಮಾರು 9 ಗಂಟೆಗೆ ಶಿಕಾರಿಪುರದ ಬಾಡಿಗೆ ಮನೆಯಲ್ಲಿ, ಬೈಕಿನ ಕಂತಿಗೆ ತವರಿನಿಂದ ಹಣ ತರಲಿಲ್ಲವೆಂದು ಜಗಳ ತೆಗೆದು ಕೆನ್ನೆಗೆ ಹೊಡೆದರು. ಪಕ್ಕದ ಮನೆಯವರು ಬಂದು ಬಿಡಿಸಿದರು. ಮರುದಿನ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿದ ಹೊರರೋಗಿ ಚೀಟಿ ಲಗತ್ತಿಸಿದೆ.’ ಇಂಥ ಮೂರು ಪ್ಯಾರಾ ಇದ್ದರೆ ಹಿಂಸೆ ಎಂಬ ಪದವನ್ನೇ ಬಳಸಬೇಕಿಲ್ಲ.

ಅದಾದ ಮೇಲೂ ಒಂದು ಗುಂಡಿ ಇದೆ. ಹೊಡೆದ ನಂತರ ಹಿರಿಯರು ಪಂಚಾಯಿತಿ ಮಾಡಿ, ಆಕೆ ವಾಪಸು ಹೋಗಿ ಎಂಟು ತಿಂಗಳು ಸಂಸಾರ ಮಾಡಿರುತ್ತಾಳೆ. ಹಿಂದೂ ವಿವಾಹ ಕಾಯ್ದೆಯ 23ನೇ ಕಲಮಿನ ಪ್ರಕಾರ, ಆಗಿಹೋದ ಕ್ರೌರ್ಯವನ್ನು ಅರ್ಜಿದಾರರು ಮನ್ನಿಸಿರಬಾರದು. ಯಾಕೆ ವಾಪಸು ಹೋದಳು, ಹೋದ ಮೇಲೆ ಮತ್ತೆ ಏನಾಯಿತು ಎಂದು ಬರೆಯದಿದ್ದರೆ ‘ಮನ್ನಿಸಿದ್ದಾಳೆ’ ಎಂಬ ವಾದಕ್ಕೆ ನೀವೇ ಬಾಗಿಲು ತೆರೆದಂತೆ. ತ್ಯಜಿಸಿ ಹೋದ ಕಾರಣಕ್ಕೆ ವಿಚ್ಛೇದನ ಕೇಳುವಾಗ ಅರ್ಜಿಯ ದಿನಕ್ಕೆ ಸತತ ಎರಡು ವರ್ಷ ತುಂಬಿರಬೇಕು. ಅವಸರಕ್ಕೆ 22 ತಿಂಗಳಿಗೇ ಹಾಕಿ ಆ ಆಧಾರವನ್ನೇ ಕಳೆದುಕೊಳ್ಳುವ ವಕೀಲರು ಇದ್ದಾರೆ.

ಇನ್ನೊಂದು, ಇದು ಜೂನಿಯರ್‌ಗಳ ಕೈಯಲ್ಲೇ ಆಗುವ ಎಡವಟ್ಟು. ಒಬ್ಬಳೇ ಕಕ್ಷಿದಾರಳಿಗೆ ಠಾಣೆಯಲ್ಲಿ ಒಂದು ದೂರು, ಮ್ಯಾಜಿಸ್ಟ್ರೇಟ್ ಮುಂದೆ ಕೌಟುಂಬಿಕ ದೌರ್ಜನ್ಯದ ಅರ್ಜಿ, ಜೀವನಾಂಶಕ್ಕೆ ಬೇರೆ, ವಿಚ್ಛೇದನಕ್ಕೆ ಎಂ.ಸಿ. (ವೈವಾಹಿಕ ಪ್ರಕರಣ) ಬೇರೆ. ನಾಲ್ಕನ್ನೂ ನಾಲ್ಕು ದಿನ ನಾಲ್ಕು ಜನ ಬರೆದಿರುತ್ತಾರೆ. ಮನೆ ಬಿಟ್ಟ ದಿನಾಂಕ ಒಂದರಲ್ಲಿ ಮಾರ್ಚ್, ಇನ್ನೊಂದರಲ್ಲಿ ಜೂನ್. ಒಂದರಲ್ಲಿ ಚಿನ್ನ 80 ಗ್ರಾಂ, ಇನ್ನೊಂದರಲ್ಲಿ 120. ಎದುರು ವಕೀಲರಿಗೆ ಬೇರೆ ಆಯುಧವೇ ಬೇಡ. ಮೊದಲ ಭೇಟಿಯಲ್ಲೇ ಒಂದು ಹಾಳೆಯಲ್ಲಿ ದಿನಾಂಕಗಳ ಪಟ್ಟಿ ಮಾಡಿ: ನಿಶ್ಚಿತಾರ್ಥ, ಮದುವೆ, ಮನೆ ಬದಲಿಸಿದ್ದು, ಹೆರಿಗೆ, ಪಂಚಾಯಿತಿ, ಮನೆ ಬಿಟ್ಟದ್ದು. ಕಕ್ಷಿದಾರರ ಸಹಿ ಹಾಕಿಸಿ ಫೈಲಿನ ಮೊದಲ ಪುಟದಲ್ಲಿಡಿ. ಮುಂದೆ ಏನೇ ಬರೆದರೂ ಆ ಹಾಳೆ ನೋಡಿಯೇ ಬರೆಯಿರಿ.

ಹೀಗಿರುವಾಗ ನಿಮ್ಮ ಸೀನಿಯರ್ ಬಳಿ ಪಹಣಿ, ಮ್ಯುಟೇಶನ್ ನೋಡುತ್ತ ಕಾಲ ಹಾಳಾಗುತ್ತಿದೆ ಎಂದುಕೊಂಡಿದ್ದರೆ ಅದು ತಪ್ಪು. ಜೀವನಾಂಶದ ಕೇಸು ನಿಲ್ಲುವುದೇ ಅಲ್ಲಿ. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಸಲ್ಲಿಸಬೇಕು. ಕೃಷಿಕರಿಗೆ ಬೇರೆ ನಮೂನೆ ಇದೆ. ಸಂಬಳದವರದ್ದು ಸುಲಭ: ವೇತನ ಚೀಟಿಯಲ್ಲಿ ಕೈಗೆ ಬರುವ ಮೊತ್ತ ನೋಡದೆ ಕಡಿತಗಳನ್ನು ನೋಡಬೇಕು. ತೆರಿಗೆಯಂಥ ಕಡ್ಡಾಯ ಕಡಿತ ಬೇರೆ, ಕೇಸು ಬಿದ್ದ ಮೇಲೆ ಎತ್ತಿದ ಸಾಲದ ಕಂತು ಬೇರೆ. ನಿಮ್ಮ ಕಡೆಯ ಅಡಿಕೆ ಬೆಳೆಗಾರ ಗಂಡನ ಆದಾಯ ಹುಡುಕುವುದು ಕಷ್ಟ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್ಸ್‌ನಲ್ಲಿ ಏನೂ ಇರುವುದಿಲ್ಲ, ‘ತೋಟ ಅಪ್ಪನ ಹೆಸರಲ್ಲಿದೆ, ನಾನು ಕೂಲಿ’ ಎಂದು ಅಫಿಡವಿಟ್ ಬರುತ್ತದೆ. ಅದನ್ನು ಒಡೆಯಲು ಪಹಣಿಯ ಬೆಳೆ ಕಾಲಂ, ವಂಶವೃಕ್ಷ, ಮಂಡಿಯಲ್ಲಿ ಅಥವಾ ಸಹಕಾರ ಸಂಘದಲ್ಲಿ ಅಡಿಕೆ ಬಿಟ್ಟ ಪಟ್ಟಿಗಳು, ಬೆಳೆಸಾಲದ ಖಾತೆ ಬೇಕು. ಸಾಲ ಪಡೆಯುವಾಗ ಬ್ಯಾಂಕಿಗೆ ಹೇಳಿದ ಆದಾಯಕ್ಕೂ ಕೋರ್ಟಿಗೆ ಹೇಳಿದ ಆದಾಯಕ್ಕೂ ಇರುವ ಅಂತರ ತೋರಿಸಿದರೆ ಅರ್ಧ ವಾದ ಮುಗಿದಂತೆ. ದಾಖಲೆ ಎದುರಿನವರ ಬಳಿಯೇ ಇದ್ದರೆ ಹಾಜರುಪಡಿಸುವಂತೆ ಅರ್ಜಿ ಹಾಕಬೇಕು, ಯಾವ ಬ್ಯಾಂಕು, ಯಾವ ಶಾಖೆ, ಯಾವ ಅವಧಿ ಎಂದು ನಿಖರವಾಗಿ ಬರೆದು. ಇದೆಲ್ಲ ಜಮೀನಿನ ಕೇಸು ಮಾಡುವ ಕಚೇರಿಯಲ್ಲಿ ಕಲಿಯುವಷ್ಟು ಚೆನ್ನಾಗಿ ಬೇರೆಲ್ಲೂ ಕಲಿಯಲಾಗುವುದಿಲ್ಲ.

ಫೋನಿನ ಸಾಕ್ಷ್ಯದ ಬಗ್ಗೆಯೂ ಒಂದು ಮಾತು, ಈಗ ಅದಿಲ್ಲದ ಫೈಲೇ ಇಲ್ಲ. ದಂಪತಿಯ ನಡುವಿನ ಗುಟ್ಟಾಗಿ ರೆಕಾರ್ಡ್ ಮಾಡಿದ ಮಾತನ್ನೂ ವೈವಾಹಿಕ ಪ್ರಕರಣದಲ್ಲಿ ಸಾಕ್ಷ್ಯವಾಗಿ ನೋಡಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಂದು ಮೆಮೊರಿ ಕಾರ್ಡ್ ತಂದುಕೊಟ್ಟರೆ ಆಗಲಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಎರಡು ಭಾಗದಲ್ಲಿ ಬೇಕು, ಒಂದು ಸಾಧನ ಬಳಸಿದವರದ್ದು, ಇನ್ನೊಂದು ತಜ್ಞರದ್ದು, ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತು ಸಂಖ್ಯೆ) ಸಹಿತ. ಕುಟುಂಬ ನ್ಯಾಯಾಲಯದ ಕಾಯ್ದೆಯ 14ನೇ ಕಲಂ ಸಾಕ್ಷ್ಯದ ವಿಷಯದಲ್ಲಿ ಸಡಿಲ ಕೊಡುತ್ತದೆ ನಿಜ, ಅದನ್ನೇ ನಂಬಿ ಪ್ರಮಾಣಪತ್ರ ಬಿಡಬೇಡಿ. ಹಳೆಯ ಫೋನನ್ನು ಮಾರದಂತೆ, ಫಾರ್ಮ್ಯಾಟ್ ಮಾಡದಂತೆ ಕಕ್ಷಿದಾರರಿಗೆ ಮೊದಲ ದಿನವೇ ಹೇಳಿ.

ಅಮ್ಮನ ಮಾತಿಗೆ ಬರೋಣ. ಮನೆ ಮುರಿದ ಮೇಲೆ ವಕೀಲರ ಬಳಿ ಬರುತ್ತಾರೆ, ಬಂದ ಮೇಲೆ ಮುರಿಯುವುದಲ್ಲ. ಕಾನೂನು ಕೂಡ ರಾಜಿಗೇ ಮೊದಲ ಅವಕಾಶ ಕೊಟ್ಟಿದೆ: ಕುಟುಂಬ ನ್ಯಾಯಾಲಯದ ಕಾಯ್ದೆಯ 9ನೇ ಕಲಂ ನ್ಯಾಯಾಧೀಶರ ಮೇಲೆ ಆ ಹೊಣೆ ಹಾಕಿದೆ, ಫೈಲುಗಳು ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಿಯೇ ಬರುತ್ತವೆ. ಅದೇ ಕಾಯ್ದೆಯ 13ನೇ ಕಲಮಿನ ಪ್ರಕಾರ ಕುಟುಂಬ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕೂ ಅಲ್ಲ. ಅನುಮತಿ ಕೇಳಿ ಅರ್ಜಿ ಹಾಕಬೇಕು, ಸಾಮಾನ್ಯವಾಗಿ ಕೊಡುತ್ತಾರೆ. ನ್ಯಾಯಾಧೀಶರು ನಿಮ್ಮನ್ನು ಪಕ್ಕಕ್ಕಿಟ್ಟು ‘ಏನಮ್ಮಾ, ನಿನಗೇನು ಬೇಕು’ ಎಂದು ನೇರ ಕೇಳಿದರೆ ಬೇಸರಿಸಬಾರದು. ಜೊತೆಗೆ, ಈ ಕೋರ್ಟಿನ ಕೆಲಸವೆಲ್ಲ ವಿಚ್ಛೇದನವಲ್ಲ. ಜೀವನಾಂಶ, ಅಮಲ್ಜಾರಿ, ಮಕ್ಕಳ ಸುಪರ್ದಿ, ಪೋಷಕತ್ವ, ಗಂಡ ಹೆಂಡತಿಯ ನಡುವಿನ ಆಸ್ತಿ, ಎಲ್ಲವೂ ಅಲ್ಲಿಗೇ ಬರುತ್ತವೆ. ಗಂಡು ಸಿಗುವ ವಿಷಯ ಕಾನೂನಿನದ್ದಲ್ಲ. ಮದುವೆಯಾಗದವಳೆಂದು ಹಿಂಜರಿಯುವವರು ಮೊದಲ ವರ್ಷ ಸಿಗಬಹುದು, ಅರ್ಜಿ ಓದಿ ಕೇಳಿಸಿದ ಮೇಲೆ ಆ ಪ್ರಶ್ನೆ ಬರುವುದಿಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ. ಬರುವ ಪ್ರತಿ ಹೆಣ್ಣುಮಗಳಲ್ಲೂ ಅಕ್ಕ, ಎದುರಿನ ಪ್ರತಿ ಗಂಡಸಿನಲ್ಲೂ ಭಾವ ಕಾಣತೊಡಗಿದರೆ ಕಕ್ಷಿದಾರಳಿಗೆ ನಷ್ಟ. ಇದಕ್ಕೆ ಲಕ್ಷಣಗಳಿವೆ. ಆಕೆ ಹೇಳಿದ್ದಕ್ಕಿಂತ ಖಾರವಾಗಿ ಅರ್ಜಿ ಬರೆಯುತ್ತೀರಿ. ಆಕೆ ರಾಜಿಗೆ ಅರೆಮನಸ್ಸು ಮಾಡಿದಾಗ ನೀವೇ ತಡೆಯುತ್ತೀರಿ. ಆಕೆ ಕೇಳದ ಮೊಕದ್ದಮೆಯನ್ನೂ ‘ಒತ್ತಡಕ್ಕೆ ಇರಲಿ’ ಎಂದು ಹಾಕಿಸುತ್ತೀರಿ. ಆ ದೂರಿನಲ್ಲಿ ಎಪ್ಪತ್ತರ ಅತ್ತೆ, ಬೇರೆ ಊರಿನ ನಾದಿನಿಯನ್ನೂ ಸೇರಿಸಿದರೆ ನಾಳೆ ಸುಳ್ಳು ದೂರೇ ಕ್ರೌರ್ಯ ಎಂದು ಗಂಡ ವಿಚ್ಛೇದನ ಕೇಳಬಹುದು, ಅಂಥ ತೀರ್ಪುಗಳಿವೆ. ಪರಿಹಾರ ಕಷ್ಟದ್ದೇನಲ್ಲ. ಗಂಡಂದಿರ ಫೈಲುಗಳನ್ನೂ ಮೊದಲಿನಿಂದಲೇ ತೆಗೆದುಕೊಳ್ಳಿ. ಸಂಬಳದಲ್ಲಿ ಮೂರನೇ ಒಂದು ಭಾಗ ಕಳುಹಿಸುತ್ತ, ಮಗುವನ್ನು ತಿಂಗಳಿಗೆ ಎರಡು ಭಾನುವಾರ ಕೋರ್ಟಿನ ಆವರಣದಲ್ಲಿ ನೋಡುವ ಅಪ್ಪನ ಕೇಸು ನಡೆಸಿದವರಿಗೆ ಹೆಂಡತಿಯ ಕೇಸು ಇನ್ನೂ ಚೆನ್ನಾಗಿ ನಡೆಸಲು ಬರುತ್ತದೆ. ಬರೆದ ಅರ್ಜಿಯನ್ನು ಕಥೆ ಗೊತ್ತಿಲ್ಲದ ಇನ್ನೊಬ್ಬ ಜೂನಿಯರ್‌ಗೆ ಓದಲು ಕೊಡಿ. ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಫೋನ್ ಎತ್ತುವುದಿಲ್ಲ ಎಂದು ವಕಾಲತ್ತಿಗೆ ಸಹಿ ಹಾಕಿಸುವಾಗಲೇ ಹೇಳಿ. ಜೀವಕ್ಕೆ ಅಪಾಯವಿದ್ದರೆ ಕರೆಯಬೇಕಾದ್ದು ನಿಮ್ಮನ್ನಲ್ಲ, ಪೊಲೀಸರ 112.

ಪರಸ್ಪರ ಒಪ್ಪಿಗೆಯ ವಿಚ್ಛೇದನ ಸುಲಭ, ಮೂರು ಪುಟದ ಕೆಲಸ ಎಂಬ ನಂಬಿಕೆ ವಕೀಲರಲ್ಲೂ ಇದೆ. ಅತಿ ಹೆಚ್ಚು ಜಾಗ್ರತೆ ಬೇಡುವುದು ಅದೇ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಅರ್ಜಿಗೆ ಒಂದು ವರ್ಷ ಬೇರೆ ಬದುಕಿರಬೇಕು, ಮೊದಲ ಹಂತದಿಂದ ಎರಡನೆಯದಕ್ಕೆ ಆರು ತಿಂಗಳು. ಆ ಆರು ತಿಂಗಳನ್ನು ಸೂಕ್ತ ಪ್ರಕರಣದಲ್ಲಿ ಕೋರ್ಟು ಮನ್ನಾ ಮಾಡಬಹುದೆಂದು 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆದರೆ ಡಿಕ್ರಿ ಆಗುವವರೆಗೂ ಯಾರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು. ಪೂರ್ತಿ ಹಣ ಮೊದಲೇ ಕೊಟ್ಟ ಗಂಡ, ಎಲ್ಲ ಕೇಸು ಮೊದಲೇ ವಾಪಸು ಪಡೆದ ಹೆಂಡತಿ, ಇಬ್ಬರೂ ಸಿಕ್ಕಿಬೀಳುವುದು ಈ ನಡುಗಾಲದಲ್ಲಿ. ಆದ್ದರಿಂದ ಒಂದು ಭಾಗ ಮೊದಲ ಹಂತದಲ್ಲಿ, ಉಳಿದದ್ದು ಕೊನೆಯ ದಿನ ನ್ಯಾಯಾಲಯದ ಎದುರೇ ಡಿಡಿ ಮೂಲಕ ಎಂದು ಬರೆಯಬೇಕು. ವರದಕ್ಷಿಣೆ ಕಿರುಕುಳದ ದೂರು, ಹಿಂದಿನ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ಕರ್ನಾಟಕದಲ್ಲಿ ಕೆಳಗಿನ ಕೋರ್ಟಿನಲ್ಲಿ ರಾಜಿಯಾಗುವಂಥದ್ದಲ್ಲ. ಹೈಕೋರ್ಟಿನಲ್ಲಿ ರದ್ದು ಮಾಡಿಸಬೇಕು. ಆ ಅರ್ಜಿ ಯಾರು ಹಾಕಬೇಕು, ಖರ್ಚು ಯಾರದು, ಹೆಂಡತಿ ಯಾವ ದಿನದೊಳಗೆ ಅಫಿಡವಿಟ್‌ಗೆ ಸಹಿ ಹಾಕಬೇಕು ಎಂಬುದು ರಾಜಿಪತ್ರದಲ್ಲಿ ಇರಲೇಬೇಕು. ಮಗುವಿನ ಭೇಟಿಗೆ ‘ಅನುಕೂಲವಾದಾಗ’ ಎಂದು ಬರೆದರೆ ಮುಂದಿನ ಕೇಸಿಗೆ ಬೀಜ ಹಾಕಿದಂತೆ. ಯಾವ ವಾರ, ಎಷ್ಟು ಗಂಟೆಗೆ ಕರೆದೊಯ್ದು ಎಷ್ಟಕ್ಕೆ ಬಿಡಬೇಕು, ದಸರಾ ರಜೆ ಮತ್ತು ಬೇಸಿಗೆ ರಜೆಯ ಯಾವ ಭಾಗ ಯಾರಿಗೆ, ಪಾಸ್‌ಪೋರ್ಟಿಗೆ ಸಹಿ ಯಾರದು, ಫೀಸು ಏರಿದರೆ ಏನು. ನಿಮ್ಮ ಭಾವ ಈಗ ಹಾಕಿರುವ ಅರ್ಜಿಯ ಮೂಲ ಇಂಥ ಸಾಲೇ ಇರಬಹುದು, ಡಿಕ್ರಿ ತೆಗೆದು ನೋಡಿ.

ಬೆಂಗಳೂರಿಗೆ ಹೋಗುವುದೇ? ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕುಟುಂಬ ನ್ಯಾಯಾಲಯಗಳೂ ಮಧ್ಯಸ್ಥಿಕೆ ಕೇಂದ್ರವೂ ಒಂದೇ ಕಡೆ ಇವೆ, ಇಷ್ಟು ಬಗೆಯ ಪ್ರಕರಣ ರಾಜ್ಯದಲ್ಲಿ ಇನ್ನೆಲ್ಲೂ ಸಿಗುವುದಿಲ್ಲ. ಅಮೆರಿಕದಲ್ಲಿರುವ ಗಂಡನ ಅಧಿಕಾರ ಪತ್ರ, ಅಲ್ಲಿನ ಕೋರ್ಟಿನ ಡಿಕ್ರಿ ಇಲ್ಲಿ ನಡೆಯುತ್ತದೆಯೇ ಎಂಬಂಥ ಪ್ರಶ್ನೆಗಳು ಅಲ್ಲಿ ದಿನನಿತ್ಯದವು. ತೊಂದರೆ ಏನೆಂದರೆ ದೊಡ್ಡ ಕಚೇರಿಗಳಲ್ಲಿ ಜೂನಿಯರ್ ಎರಡು ವರ್ಷ ಮುದ್ದತ್ತು ತೆಗೆದುಕೊಳ್ಳುವುದರಲ್ಲೇ ಕಳೆಯಬಹುದು, ಒಂದು ಪಾಟೀ ಸವಾಲನ್ನೂ ಮಾಡದೆ. ಶಿವಮೊಗ್ಗದಲ್ಲೂ ಕುಟುಂಬ ನ್ಯಾಯಾಲಯ ಇದೆ, ಚಿಕ್ಕ ಬಾರ್‌ನಲ್ಲಿ ಬೇಗ ಎದ್ದು ನಿಲ್ಲಲು ಅವಕಾಶ ಸಿಗುತ್ತದೆ. ಚಿಕ್ಕ ಊರಿನ ತೊಂದರೆ ಬೇರೆ: ಎಲ್ಲರೂ ಎಲ್ಲರಿಗೂ ನೆಂಟರು. ಹೋದ ತಿಂಗಳು ಗಂಡ ಬಂದು ‘ಸುಮ್ಮನೆ ಸಲಹೆ’ ಕೇಳಿ ಹೋಗಿದ್ದರೆ ಈ ತಿಂಗಳು ಹೆಂಡತಿಯ ವಕಾಲತ್ತು ಹಾಕುವಂತಿಲ್ಲ. ಬಂದವರೆಲ್ಲರ ಮತ್ತು ಅವರ ಸಂಗಾತಿಯ ಹೆಸರು ಬರೆದಿಡುವ ಒಂದು ರಿಜಿಸ್ಟರ್ ಇಟ್ಟುಕೊಳ್ಳಿ, ಫೈಲು ತೆರೆಯುವ ಮುನ್ನ ಅದನ್ನು ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, ಇನ್ನೆರಡು ವರ್ಷ ಇರುವಲ್ಲೇ ಇರಿ. ಕಚೇರಿಗೆ ಬರುವ ಎಂ.ಸಿ. ಮತ್ತು ಜೀವನಾಂಶದ ಫೈಲುಗಳನ್ನು ನನಗೆ ಕೊಡಿ ಎಂದು ಸೀನಿಯರ್ ಬಳಿ ಬಾಯಿಬಿಟ್ಟು ಕೇಳಿ, ಹೆಚ್ಚಿನ ಸಿವಿಲ್ ವಕೀಲರು ಅವನ್ನು ಸಂತೋಷದಿಂದ ದಾಟಿಸುತ್ತಾರೆ. ಮೂರು ವರ್ಷ ತುಂಬಿದ ಮೇಲೆ ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್‌ಗೆ ಅರ್ಜಿ ಹಾಕಬಹುದು. ಅಲ್ಲಿ ಸಂಭಾವನೆ ಕಡಿಮೆ, ಆದರೆ ಕೌಟುಂಬಿಕ ಫೈಲು ಯಥೇಚ್ಛ. ಬೆಂಗಳೂರಿಗೇ ಹೋಗುವುದಾದರೆ ಮೊದಲು ಅವರನ್ನು ಕೇಳಿ: ಅರ್ಜಿ ನಾನೇ ಬರೆಯುತ್ತೇನೆಯೇ, ಎಷ್ಟು ತಿಂಗಳಿಗೆ ಮುಖ್ಯ ವಿಚಾರಣೆ (ನಮ್ಮ ಕಡೆಯ ಸಾಕ್ಷಿಯನ್ನು ಪ್ರಶ್ನಿಸುವುದು) ಮಾಡಿಸುತ್ತೀರಿ, ತಿಂಗಳಿಗೆ ಎಷ್ಟು ಕೊಡುತ್ತೀರಿ. ಜೂನಿಯರ್‌ಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂ. ಕೊಡಬೇಕೆಂದು ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಹೇಳಿದೆ. ಅದು ಶಿಫಾರಸು ಮಾತ್ರ. ಬಸ್ ಚಾರ್ಜಿಗೆ ಸಾಕಾಗುವಷ್ಟು ಕೊಡುವ ಕಚೇರಿಗಳೂ ಇವೆ, ಬೆಂಗಳೂರಿನ ಪಿ.ಜಿ. ಬಾಡಿಗೆ ನೆನಪಿರಲಿ.

ಹೊಟ್ಟೆಯ ಪ್ರಶ್ನೆಗೂ ಅದೇ ಉತ್ತರ: ಮೊದಲ ಮೂರ್ನಾಲ್ಕು ವರ್ಷ ಬಿಗಿ, ಆಮೇಲೆ ಪರವಾಗಿಲ್ಲ. ಫೀಸು ಹಂತಹಂತವಾಗಿ ಇಡಿ, ಅರ್ಜಿ ಹಾಕುವಾಗ, ಸಾಕ್ಷ್ಯಕ್ಕೆ, ವಾದಕ್ಕೆ, ಪ್ರತಿಯೊಂದಕ್ಕೂ ರಸೀದಿ ಕೊಟ್ಟು. ‘ಬರುವ ಪರಿಹಾರದಲ್ಲಿ ಇಂತಿಷ್ಟು ಪರ್ಸೆಂಟ್’ ಎಂಬ ಮಾತನ್ನು ಕಕ್ಷಿದಾರರೇ ಎತ್ತಿದರೂ ಒಪ್ಪಬೇಡಿ, ಅದು ದುರ್ನಡತೆ, ಸನ್ನದಿಗೇ ಕುತ್ತು. ಫೀಸು ಬಾಕಿಯೆಂದು ಫೈಲು ತಡೆಹಿಡಿಯುವಂತೆಯೂ ಇಲ್ಲ, 2000ದಲ್ಲೇ ಸುಪ್ರೀಂ ಕೋರ್ಟ್ ಅದನ್ನು ಹೇಳಿದೆ. ಕಕ್ಷಿದಾರರ ಪರವಾಗಿ ಬಂದ ಡಿಡಿಯ ಪ್ರತಿ ತೆಗೆದಿಟ್ಟು, ಕೊಟ್ಟದ್ದಕ್ಕೆ ಸಹಿ ಪಡೆಯಿರಿ.

ಡಿಪ್ಲೊಮಾ ಬೇಕಿಲ್ಲ. ದುಡ್ಡು, ಸಮಯ ಇದ್ದರೆ 40 ಗಂಟೆಗಳ ಮಧ್ಯಸ್ಥಿಕೆ ತರಬೇತಿ ಮಾಡಿ, ಕೋರ್ಟಿನ ಮಧ್ಯಸ್ಥಗಾರರಾಗಲು ಇನ್ನೂ ವರ್ಷಗಳು ಬೇಕಾದರೂ ಎದುರಿನವರ ಮಾತು ಪೂರ್ತಿ ಕೇಳುವುದು ಅಲ್ಲಿ ಅಭ್ಯಾಸವಾಗುತ್ತದೆ. ಇಲ್ಲದಿದ್ದರೆ ಬಿಡುವಿನ ಮಧ್ಯಾಹ್ನಗಳಲ್ಲಿ ಕುಟುಂಬ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕೂರಿ. ಗೋಪ್ಯ ವಿಚಾರಣೆಯಾದರೆ ಹೊರಗೆ ಬರಬೇಕಾಗುತ್ತದೆ, ಉಳಿದ ದಿನ ಯಾರೂ ಎಬ್ಬಿಸುವುದಿಲ್ಲ.